ಬೆಲ್ಲ ಕುಡಿದ ಕುಸುಬಿ

ನಿನ್ನೆ ಶಹಾಪುರದ ಗಾಣದಿಂದ ತಂದ ಕುಸುಬಿ ಎಣ್ಣೆಯ ಡಬ್ಬಿ ತೆರೆದೆ. ಕೆಟ್ಟಿದೆಯೇನೋ ಎಂದು ಮೂರು ಸಲ ಮೂಸಿದೆ. ಚಿಂತಿಸಲು ನನಗೆ ಅಷ್ಟು ನೆಪ ಸಾಕು. ಮೂರನೆಯ ಸಲಕ್ಕೆ ಸಸ್ಯಶಾಸ್ತ್ರದ ಸರ್ ನೆನಪಾದರು. ಕಣ್ಣೇನೂ ತೇವವಾಗಲಿಲ್ಲ, ಮೂಗು ಮುರಿದೆ.

ಪದವಿಯ ಕೊನೆಯ ವರ್ಷ. ಕತ್ತಲ ಕಪಾಟಿನಲ್ಲಿ ಕುಸುಬಿ ಮೊಳಕೆ ಬೆಳೆಸಿ, ಅಳತೆಯನ್ನು ರೆಕಾರ್ಡಿನಲ್ಲಿ ಬರೆಯಬೇಕಿತ್ತು. ಅದಕ್ಕೆ ಸರ್ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನನ್ನ ತಟ್ಟೆಯಲ್ಲಿ ನಾಲ್ಕು ಮೊಳಕೆ ಬೇರು ತೋರಿಸಿ ಅಲ್ಲೇ ನಿಂತುಬಿಟ್ಟವು. ಬಿಸಿಲಲ್ಲಿ ದಣಿದು ಬಂದವರಿಗೆ ನಮ್ಮಲ್ಲಿ ಮೊದಲು ಬೆಲ್ಲ-ನೀರು ಕೊಡುತ್ತಾರೆ. ಗಾಬರಿಯಲ್ಲಿ ಅವಕ್ಕೂ ಕೊಟ್ಟೆ. ಕೆಲವೇ ದಿನದಲ್ಲಿ ನಾಲ್ಕೂ ತಲೆ ಎತ್ತಿದವು...

ಸರ್ ಬಗ್ಗಿ ಮೂಸಿದರು.

"ಏನಲೇ ಇದು, ಬೆಲ್ಲದ ವಾಸನಿ?"

"ಸುಸ್ತಾಗಿದ್ವು ಸರ್... ಒಂದೀಟು ಬೆಲ್ಲ-ನೀರು ಹಾಕೀನ್ರಿ."

"ಯಾಕ, ಬೀಗರು ಬಂದಾರೇನು? ನಾಳಿ ಹೋಳಗಿ ಮಾಡಿ ಬಡಸು! ಬೀಜದಾಗ ಎಣ್ಣಿ ತುಂಬ್ಯದ, ಅದನ್ನ ತಿಂದು ಬೆಳೀತಾವ. ಬೆಲ್ಲ ಇಲ್ದ ಬೆಳೀಲಿಲ್ಲಂದ್ರ ಸತ್ತಾವಂತ ಬರಿ."

"ಜೀವ ಅದರಿ ಸರ್, ನೋಡ್ರಿ..."

"ಸಹಿ ಬೇಕೋ ಬ್ಯಾಡೋ?"

ಬೇಕಿತ್ತು. 'ಸತ್ತಿವೆ' ಎಂದು ಬರೆದೆ. ಸರ್ ತಟ್ಟೆಯನ್ನು ಕಿಟಕಿಯಾಚೆ ಬೋರಲು ಹಾಕಿದರು. ಸತ್ತ ನಾಲ್ಕನ್ನೂ ಆಡೊಂದು ಸಾವಕಾಶವಾಗಿ ಮೇಯ್ದಿತು.

ಸುರಪುರದಲ್ಲಿ ಹೈಸ್ಕೂಲು ಮಾಸ್ತರನಾಗಿ ಕೂದಲು ನರೆತ ಮೇಲೆ ಒಂದು ಕಡೆ ಓದಿದೆ. ಬೀಜದ ಎಣ್ಣೆಯನ್ನು ಒಡೆದು ಸಸಿಯ ಹೊಟ್ಟೆಗೆ ದಾರಿ ಮಾಡುವುದು ಜೀವಕೋಶದೊಳಗಿನ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲ. ಆ ಕೆಲಸದ ಪ್ರೋಟೀನುಗಳು ಹೊರಗೆ ತಯಾರಾಗಿ, ಮೈಮೇಲೆ ಗುರುತು ಹೊತ್ತು ಒಳಗೆ ಬರಬೇಕು. ಗುರುತು ನೋಡಿ ಒಳಬಿಡುವವನೇ ಕೆಟ್ಟರೆ, ಎಣ್ಣೆ ಕಣಜದಷ್ಟಿದ್ದರೂ ಸಸಿಗೆ ಉಪವಾಸ. ಹೊರಗಿನಿಂದ ಸಕ್ಕರೆ ಕೊಟ್ಟರೆ ಏಳುತ್ತದೆ. ನನ್ನ ನಾಲ್ಕಕ್ಕೂ ಇದೇ ಆಗಿತ್ತೋ ಏನೋ... ಕೇಳೋಣವೆಂದರೆ ಆಡೂ ಉಳಿದಿಲ್ಲ.

ಸರ್ ಹೋದ ವರ್ಷ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ 'ಜ್ಞಾನದ ಕಣಜ' ಎಂದವನು ನಾನೇ. ಒಮ್ಮೆ 'ಸತ್ತಿವೆ' ಎಂದು ಬರೆದವನಿಗೆ ಇದೇನು ಕಷ್ಟ? ಪೂರ್ತಿ ಸುಳ್ಳೂ ಅಲ್ಲ. ಕಣಜ ತುಂಬಿತ್ತು, ಬಾಗಿಲಲ್ಲಿ ಅವರೇ ನಿಂತಿದ್ದರು.

ಈಗ ಪ್ರತಿವರ್ಷ ಅಡುಗೆಮನೆಯ ಕಪಾಟಿನಲ್ಲಿ ಹಿಡಿ ಕುಸುಬಿ ಮೊಳಕೆಗಿಡುತ್ತೇನೆ. ಪಕ್ಕದಲ್ಲಿ ಬೆಲ್ಲ-ನೀರು. ಇವತ್ತೂ ನೋಡಿದೆ, ಎಲ್ಲವೂ ನೆಟ್ಟಗೆ ಎದ್ದಿವೆ. ಬೆಲ್ಲ ಬೇಕೆನ್ನುವ ಒಂದೇ ಒಂದು ಮೊಳಕೆ ಮತ್ತೆ ಸಿಕ್ಕಿಲ್ಲ.