‘ಇರ್ಲಿ’ ಅಂಬೋ ಫೋಲ್ಡರ್

ರವಿವಾರ ಮಧ್ಯಾಹ್ನ ಶಿವಕಾಂತಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿ ಇಳಿದು ಬಂದಾಗ ಗಂಡ ಸಂತೋಷಕುಮಾರ ಕಂಪ್ಯೂಟರ್ ಮುಂದೆ ಊರು ಗೆದ್ದವನಂತೆ ಕೂತಿದ್ದ.

“ಬುಕ್‌ಮಾರ್ಕ್ ಅನ್ನೂವು ಸಂತಿ ಆಗಿದ್ವು ನೋಡು. ಸಾಫ್ ಮಾಡೀನಿ. ಸೃಷ್ಟಿದು ಒಂದ್ ಕಡಿ, ಅಂಗಡಿದು ಒಂದ್ ಕಡಿ.”

“ನಂದು?”

“ನಿಂದೇನಿತ್ತು? ‘ಇರ್ಲಿ’ ಅಂತ ಒಂದು ಫೋಲ್ಡರ್ ಇತ್ತು. ಇರ್ಲಿ ಬಿಡು ಅಂತ ತೆಗದ್ ಒಗದೆ.”

ಶಿವಕಾಂತಾಳ ಕಿವಿ ಕಾದವು. ಮುಂದಿನ ವಾರ ಕಲಬುರಗಿಯಲ್ಲಿ ಅವಳ ಬಿ.ಎ. ಪರೀಕ್ಷೆ. ವರ್ಷವಿಡೀ ಹುಡುಕಿ, ಕೇಳಿ, ಒಳ್ಳೆಯದನ್ನಷ್ಟೇ ಆರಿಸಿ ಜೋಡಿಸಿದ ವಿಡಿಯೋ ಪಾಠಗಳೆಲ್ಲ ಆ ಫೋಲ್ಡರಿನಲ್ಲಿದ್ದವು. ಕೌದಿಗೆ ಬೇಕಾದೀತೆಂದು ಅವ್ವ ಚಿಂದಿಯನ್ನೂ ಮಡಚಿಟ್ಟು “ಇರ್ಲಿ” ಅನ್ನುತ್ತಿದ್ದಳಲ್ಲ, ಆ ಇರ್ಲಿ ಅದು.

ಗಂಡಸರ ಬಾಯಲ್ಲಿ ಅದೇ ಮಾತಿಗೆ ಬೇರೆಯೇ ಅರ್ಥ. ಹತ್ತನೆಯದು ಪಾಸಾದಾಗ ನೆಲೋಗಿಯಿಂದ ಜೇವರ್ಗಿ ಕಾಲೇಜಿಗೆ ಹೋಗುತ್ತೇನೆಂದರೆ ಅಪ್ಪ “ಇರ್ಲಿ ಬಿಡು” ಅಂದಿದ್ದ. ಅಫಜಲಪುರಕ್ಕೆ ಸೊಸೆಯಾಗಿ ಬಂದು ಓದಿನ ಮಾತೆತ್ತಿದರೆ ಮಾವನೂ ಹಾಗೇ ಅಂದ. ಆಗೆಲ್ಲ ತಲೆ ತಗ್ಗಿಸಿದ್ದಳು. ಕಡೆಗೆ ಮನೆಯಲ್ಲೇ ಕೂತು ಓದಿ ಪಿಯುಸಿ ಪಾಸಾಗಿ, ಬಿ.ಎ.ಗೆ ಹೆಸರು ಹಚ್ಚಿದ್ದಳು.

“ನಿಮ್ಮ ಅಂಗಡ್ಯಾಗ ಬೀಜದ ಚೀಲದ ಮ್ಯಾಲ ‘ಇರ್ಲಿ’ ಅಂತ ಬರದ್ರ, ಒಯ್ದು ಗಟಾರಕ್ಕ ಸುರೀತೀರೇನ್ರಿ?”

“ಯಾಕ ಬೇ ಅಷ್ಟ್ ಸಿಟ್ಟು? ಮತ್ತ ಹುಡುಕಿದ್ರಾತು.”

“ಯಾರು ಹುಡಕೋರು? ಹಿಸ್ಟರಿ ತೆಗೀರಿ!”

ಅವನು ಎದ್ದು, ಗೂಡಿನಲ್ಲಿದ್ದ ಅವಳ ಇತಿಹಾಸದ ಪುಸ್ತಕ ತಂದು ಕೈಗಿಟ್ಟ. ಬಾಗಿಲಲ್ಲಿದ್ದ ಮಗಳು ಸೃಷ್ಟಿ ಕಿಸಕ್ಕನೆ ನಕ್ಕಳು. ಅವ್ವನ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡಳು.

“ಪುಸ್ತಕ ಅಲ್ರಿ! ಬ್ರೌಸರಿಂದು. ನಾ ಯಾವ್ಯಾವ ಪಾಠ ನೋಡೀನಿ, ಅದರಾಗ ಇರ್ತದ. ಕೂಡ್ರಿ.”

ಸಂತೋಷಕುಮಾರ ಕೂತ. ಅವಳು ಪಾಠದ ಹೆಸರು ಹೇಳಿದಳು, ಅವನು ಹುಡುಕಿದ. ಗೆಳೆಯ ಶರಫುದ್ದೀನ ಬಂದು “ಚಾಕ್ಕ ಬರ್ತೀಯೇನ್ಲೇ?” ಎಂದು ಕೂಗಿದರೆ “ಬರೂದಿಲ್ರಿ ಅವ್ರು” ಎಂದು ಒಳಗಿನಿಂದಲೇ ಶಿವಕಾಂತಾ ಉತ್ತರ ಕೊಟ್ಟಳು. ಸಂಜೆಯ ಹೊತ್ತಿಗೆ ಅರ್ಧ ಸಿಕ್ಕವು. ಬಲು ಹಿಂದೆ ನೋಡಿದ್ದವು ಹಿಸ್ಟರಿಯಿಂದ ಅಳಿಸಿಹೋಗಿದ್ದವು; ಅವಳಿಗೆ ಕಠಿಣವಾದ ಪಾಠಗಳೇ ಅವು.

“ಏಳ್ರಿ. ಉಳದದ್ದು ನಾ ಹುಡುಕ್ತೇನಿ.”

ಬಿಡುಗಡೆಯಾಯಿತೆಂದು ಅವನು ಮೈಮುರಿದು ಎದ್ದ.

“ಪರೀಕ್ಷಾ ಮುಗಿಯೋ ತನಕ ಅಡಿಗಿ ನಿಮ್ಮದು.”

“ಏ, ಚ್ಯಾಷ್ಟಿ ಮಾಡ್ತಿ” ಎಂದು ನಕ್ಕು ಅವಳ ಕಡೆ ನೋಡಿದ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೆನ್ನು ತಿರುಗಿಸಿ ಕೂತಿದ್ದಳು.