ಬೈಸಿಕೊಂಡ ಶಾಲು

ಮೊದಲು ವಂದನೆ. ಬೆರಳುಗಳನ್ನು ಕೊಟ್ಟ ಈಶ್ವರನಿಗೆ, ಅಕ್ಷರ ಕೊಟ್ಟ ತಂದೆಯವರಿಗೆ, ಕಡ್ಡಿ ಹಿಡಿಯಲು ಕಲಿಸಿದ ಅಮ್ಮನಿಗೆ. ಬಳಿಕ, ತನ್ನ ಮೈಯ ಉಣ್ಣೆಯನ್ನು ಮರುಮಾತಿಲ್ಲದೆ ಬಿಟ್ಟುಕೊಡುವ ಕುರಿಗೆ. ಈಗ ಶಿಕಾರಿಪುರದ ಅಂಗಡಿಗಳಲ್ಲಿ ದೊರೆಯುವ ಉಲ್ಲನ್ನಿನಲ್ಲಿ ಕುರಿಯ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು ಎಂಬುದನ್ನು ನಾನರಿಯೆ. ಆದರೆ ವಂದನೆಯಲ್ಲಿ ಜಿಪುಣತನ ಕೂಡದೆಂದು ತಂದೆಯವರು ಹೇಳುತ್ತಿದ್ದುದರಿಂದ ಕಾರ್ಖಾನೆಗೂ ಒಂದು ನಮಸ್ಕಾರ ಸಲ್ಲಲಿ.

ಇನ್ನು ವಿಷಯಕ್ಕೆ ಬರಬಹುದು. ಮದುವೆಗೆ ಮುಂಚಿನಿಂದಲೂ ನಾನು ಹೆಣೆಯುತ್ತ ಬಂದವಳು. ಆದರೂ, ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ನಾನು ಚಳಿಗೆ ತೊಡುವ ಸ್ವೆಟರು ಶಿವಮೊಗ್ಗದ ರಸ್ತೆಬದಿಯಲ್ಲಿ ಟಿಬೆಟಿನವರಿಂದ ಕೊಂಡದ್ದು. ಊರಿಗೆಲ್ಲ ಅಡುಗೆ ಮಾಡಿ ಬಡಿಸುವವಳು ತಾನು ಮಾತ್ರ ಹೋಟೆಲಿನಿಂದ ಇಡ್ಲಿ ತರಿಸಿಕೊಂಡಂತೆ ಇದು. ಕೇಳಿದವರು ನಗುತ್ತಾರೆ, ನಗುವುದು ನ್ಯಾಯವೇ. ಆದರೆ ಇದರ ಹಿಂದೆ ಒಂದು ವಿಧಿಯಿದೆ.

ವಿಧಿ ನಮ್ಮ ಅಮ್ಮನದು. ಕೈಯಿಂದ ಮಾಡಿದ ವಸ್ತುವನ್ನು ಯಾರಾದರೂ ಹೊಗಳಿದರೆ ಅದನ್ನು ಅವರಿಗೇ ಕೊಟ್ಟುಬಿಡಬೇಕು, ಇಟ್ಟುಕೊಂಡರೆ ದೃಷ್ಟಿ ತಾಗುತ್ತದೆ ಎಂಬುದು ಅವರ ನಂಬಿಕೆ. ಇದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೆಂದು ತಂದೆಯವರು ಒಮ್ಮೆ ಕೇಳಿದರು. “ನಿಮ್ಮ ಶಾಸ್ತ್ರ ಬರೆದವರು ಯಾರೂ ಕುಲಾವಿ ಹೆಣೆದವರಲ್ಲ” ಎಂದರು ಅಮ್ಮ. ತಂದೆಯವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಪಂಡಿತರ ಮೌನವನ್ನು ಸಮ್ಮತಿಯೆಂದೇ ತಿಳಿದು ನಾನು ವಿಧಿಯನ್ನು ಪಾಲಿಸುತ್ತ ಬಂದೆ.

ಅದರ ಫಲವನ್ನು ನೀವು ಊಹಿಸಬಲ್ಲಿರಿ. ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಕಾಲದಲ್ಲಿ ನನಗೆಂದು ಹೆಣೆದುಕೊಂಡ ಬೂದುಬಣ್ಣದ ಸ್ವೆಟರನ್ನು ಸಹೋದ್ಯೋಗಿಯೊಬ್ಬರು ಹೊಗಳಿ ಒಯ್ದರು. ಮಫ್ಲರೊಂದನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತೆ ಹೊಗಳಿದಳು. ಆಕೆ ಮಾಸೂರಿನಲ್ಲಿ ಇಳಿಯುವಾಗ ಅದು ಅವಳ ಕೊರಳಲ್ಲಿತ್ತು. ನಮ್ಮ ಯಜಮಾನರು ಮಿತಭಾಷಿಗಳು. ಮದುವೆಯಾದಂದಿನಿಂದ ನನ್ನ ಹೆಣಿಗೆಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಆಡಿದವರಲ್ಲವಾದ್ದರಿಂದ ಅವರಿಗೂ ಏನೂ ದಕ್ಕಿಲ್ಲ. ಅವರದೂ ಟಿಬೆಟಿನ ಸ್ವೆಟರೇ.

ನಿವೃತ್ತಿಯ ಬಳಿಕ ನನಗೆ ಒದಗಿದ ಭಾಗ್ಯವೆಂದರೆ ಬುಧವಾರದ ಗೋಷ್ಠಿ. ಗೋಷ್ಠಿಯೆಂದರೆ ದೊಡ್ಡ ಮಾತಾಯಿತು. ಗಿರಿಜಮ್ಮನವರ ಹೊಲಿಗೆ ಅಂಗಡಿಯಲ್ಲಿ ಹಾಸಿದ ಒಂದು ಚಾಪೆ, ಅಷ್ಟೆ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅವರು ಯಂತ್ರಕ್ಕೆ ಬಟ್ಟೆ ಹೊದಿಸಿ, ಕತ್ತರಿಸಿ ಉಳಿದ ತುಂಡುಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಾರೆ. ತೊಗರ್ಸಿ ಊರಿನವರು, ಮಾತು ಸೂಜಿಗಿಂತ ಚುರುಕು. ಪಕ್ಕದ ಬೀದಿಯ ಮೆಹಬೂಬಿ ಕೊಕ್ಕೆಯ ಕಡ್ಡಿ ಹಿಡಿದು ಕ್ರೋಶಾ ಹಾಕುತ್ತಾಳೆ. ಅವಳಿಗೆ ಮಾತು ಕಡಿಮೆ, ಗಮನ ಹೆಚ್ಚು. ಸೊರಬದಾಚೆಯ ಕುಪ್ಪಗಡ್ಡೆಯಿಂದ ಲೀಲಾವತಿಯವರು ತಿಂಗಳಿಗೊಮ್ಮೆ ಬಸ್ಸು ಬದಲಿಸಿಕೊಂಡು ಬಂದು ರವಿಕೆ ಕಣಕ್ಕೆ ಕಸೂತಿ ಹಾಕುತ್ತ ಕೂರುತ್ತಾರೆ. ಒಬ್ಬರ ಉಂಡೆ ಉರುಳಿ ಯಂತ್ರದ ಕೆಳಗೆ ಹೋದರೆ ನಾಲ್ಕೂ ತಲೆಗಳು ಅಲ್ಲಿ ಡಿಕ್ಕಿ ಹೊಡೆಯುತ್ತವೆ. ಒಬ್ಬರ ನೂಲು ಗಂಟಾದರೆ ಉಳಿದವರ ಕೆಲಸ ತಾನಾಗಿ ನಿಲ್ಲುತ್ತದೆ. ಜಪಕ್ಕೆ ಕುಳಿತಾಗ ನನಗೆ ಸಿಗದ ಏಕಾಗ್ರತೆ, ಮೆಹಬೂಬಿ ಗಂಟು ಬಿಡಿಸುವುದನ್ನು ನೋಡುವಾಗ ಸಿಗುತ್ತದೆ. ದೇವರು ಇದನ್ನು ತಪ್ಪು ತಿಳಿಯನೆಂದು ನಂಬಿದ್ದೇನೆ.

ಹೋದ ಧನುರ್ಮಾಸದಲ್ಲಿ ಬೆಳಗಿನ ಜಾವದ ಪೂಜೆಗೆ ಹನುಮಪ್ಪನ ಗುಡಿಗೆ ನಡೆದುಹೋಗುವಾಗ ನನ್ನ ಸ್ವೆಟರು ಮೊಣಕೈಯಲ್ಲಿ ಜಾಳಾಗಿ, ಭುಜಕ್ಕೆ ಚಳಿ ಇಳಿಯುತ್ತಿತ್ತು. ಮುಂದಿನ ಧನುರ್ಮಾಸಕ್ಕೆ ನನಗೆಂದು ಒಂದು ಶಾಲು ಹೆಣೆದುಕೊಳ್ಳಬೇಕು, ಅದು ನನ್ನ ಹೆಗಲ ಮೇಲೇ ಉಳಿಯಬೇಕು ಎಂದು ಆಗಲೇ ಸಂಕಲ್ಪ ಮಾಡಿದೆ.

ತನಗಾಗಿ ಹೆಣೆದುಕೊಳ್ಳುವುದು ಸ್ವಾರ್ಥವಲ್ಲವೆ ಎಂಬ ಶಂಕೆ ಬಂದದ್ದು ನಿಜ. ಪೂರ್ವಪಕ್ಷವನ್ನು ನಾನೇ ಮಂಡಿಸಿ ಸಿದ್ಧಾಂತವನ್ನೂ ನಾನೇ ಹೇಳಿಕೊಂಡೆ. ದೇವರಿಗೆ ನೈವೇದ್ಯ ಮಾಡಿದ ಪಾಯಸವನ್ನು ಅದನ್ನು ಕಾಸಿದವಳು ಕುಡಿಯಬಾರದೆಂದು ಯಾರೂ ಹೇಳಿಲ್ಲ. ಕುಡಿಯದಿದ್ದರೆ ಪ್ರಸಾದಕ್ಕೇ ಅಗೌರವ. ಬೆರಳಿನ ದುಡಿಮೆಯನ್ನು ದೇವರಿಗೆ ಅರ್ಪಿಸಿ ಮಾಡಿದ ಮೇಲೆ ಅದರ ಫಲವೂ ಪ್ರಸಾದವೇ. ಈ ವಾದದಲ್ಲಿ ಎಲ್ಲಿಯೋ ಒಂದು ಕುಣಿಕೆ ಜಾರಿದೆಯೆಂಬ ಅನುಮಾನ ನನಗೂ ಉಂಟು. ಆದರೆ ಚಳಿಯಲ್ಲಿ ನಡುಗುವವಳಿಗೆ ಅಷ್ಟು ತರ್ಕ ಸಾಕು.

ಉಳಿದ ತೊಡಕು ಹೊಗಳಿಕೆಯದು. ಅದಕ್ಕೆ ಉಪಾಯವನ್ನೂ ಕಂಡುಕೊಂಡೆ: ಯಾರೂ ಹೊಗಳಲಾರದಂಥ ಶಾಲನ್ನು ಹೆಣೆಯುವುದು. ಪೆಟ್ಟಿಗೆಯ ತಳದಲ್ಲಿ ವರ್ಷಗಳಿಂದ ಉಳಿದ ಉಂಡೆಗಳಿದ್ದವು. ಶಾಲಾ ಸಮವಸ್ತ್ರದ ನೀಲಿ, ಸೀಸೆಯ ಹಸಿರು, ಕೊಳೆತ ನೇರಳೆಹಣ್ಣಿನ ಕೆಂಪು, ಮಳೆಯಲ್ಲಿ ನೆಂದು ಒಣಗಿದ ಅರಿಶಿನದ ಹಳದಿ. ಇವು ಒಂದನ್ನೊಂದು ದ್ವೇಷಿಸುತ್ತವೆಂದು ಖಚಿತಪಡಿಸಿಕೊಂಡು, ಆಷಾಢ ಕಳೆದ ಮೇಲೆ ಆರಂಭಿಸಿದೆ.

ಗೇಣುದ್ದ ಆದಾಗ ಗಿರಿಜಮ್ಮ ಕನ್ನಡಕ ಸರಿಸಿ ನೋಡಿದರು. “ಇದೇನ್ರೀ ಅಕ್ಕಾರೇ, ಗೋಣಿಚೀಲಕ್ಕೆ ಕಾಮಾಲೆ ಬಂದಂಗೈತಲ್ರೀ.”

ನನ್ನ ಮನಸ್ಸು ಹಿಗ್ಗಿತು. ಅದು ಮುಖದಲ್ಲಿಯೂ ಕಂಡಿರಬೇಕು.

“ಅವ್ರು ಬೈತಿದ್ದಾರೆ, ನೀವ್ಯಾಕಕ್ಕಾ ನಗ್ತಿದ್ದೀರಿ?” ಎಂದಳು ಮೆಹಬೂಬಿ.

ಹೇಳದೆ ವಿಧಿಯಿರಲಿಲ್ಲ. ಅಮ್ಮನ ನಿಯಮ, ನನ್ನ ಸಂಕಲ್ಪ, ಬಣ್ಣಗಳ ಒಳಸಂಚು, ಎಲ್ಲವನ್ನೂ ಹೇಳಿದೆ. ಗಿರಿಜಮ್ಮ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಕೇಳಿದರು. “ಅಂದ್ರೆ ನಾವು ಬೈತಾ ಇದ್ರೆ ಶಾಲು ನಿಮ್ಗೇ ಉಳೀತದೆ?”

“ಹೌದು.”

“ಅಷ್ಟೇನಾ? ಬೈಯೋದ್ರಾಗೆ ನಮ್ ತೊಗರ್ಸಿಯೋರ್ನ ಮೀರ್ಸೋರಿಲ್ಲ ಬಿಡ್ರಿ.”

ಅಂದಿನಿಂದ ಪ್ರತಿ ಬುಧವಾರ ನನ್ನ ಶಾಲಿಗೆ ಸಹಸ್ರನಾಮ ನಡೆಯಿತು. ಸಂತೆ ಎದ್ದುಹೋದ ಜಾಗವೆಂದು ಒಮ್ಮೆ, ಎಮ್ಮೆ ಮಗ್ಗುಲು ಬದಲಿಸಿದ ಹಾಸಿಗೆಯೆಂದು ಇನ್ನೊಮ್ಮೆ. ಮೆಹಬೂಬಿಗೆ ಬೈಯಲು ಬಾರದು. ಅವಳು ಅಂಚನ್ನು ಸವರಿ, “ಪಾಪ, ಇದಕ್ಕೆ ಹಿಂದೆಮುಂದೆ ಯಾರೂ ಇಲ್ಲ” ಎಂದಷ್ಟೇ ಹೇಳುತ್ತಿದ್ದಳು. ರವಿಕೆಯ ಅಳತೆ ಕೊಡಲು ಬಂದವರಿಗೂ ಗಿರಿಜಮ್ಮ ಬಾಗಿಲಲ್ಲೇ ಎಚ್ಚರಿಸುತ್ತಿದ್ದರು. “ಬರ್ರಿ, ಆದ್ರೆ ಆ ಶಾಲು ಚಂದ ಐತಿ ಅಂದ್ರೆ ನಿಮ್ ಬ್ಲೌಸು ಈ ತಿಂಗ್ಳು ಆಗಂಗಿಲ್ಲ.” ಹೀಗೆ ಬೈಗುಳದ ನೆರಳಿನಲ್ಲಿ ಶಾಲು ಉದ್ದವಾಗುತ್ತ ಹೋಯಿತು. ನನ್ನ ಬದುಕಿನಲ್ಲಿ ಹೆಣಿಗೆ ಅಷ್ಟು ಹಗುರವಾಗಿ ಸಾಗಿದ್ದು ಅದೇ ಮೊದಲು.

ಭಯವಿದ್ದದ್ದು ಲೀಲಾವತಿಯವರದು. ಹೊಗಳುವುದು ಅವರಿಗೆ ಉಸಿರಾಟದಂತೆ. ಹುಳಿಬಂದ ಮಜ್ಜಿಗೆ ಕೊಟ್ಟರೂ “ಎಷ್ಟು ಚೆಂದ ಹುಳಿ ಬಂದಿದೆ” ಎನ್ನುವವರು. ನನ್ನ ಹೆಣಿಗೆಯ ಬಹುಪಾಲು ಈಗಾಗಲೇ ಸೊರಬ ತಾಲ್ಲೂಕಿನಲ್ಲಿ ನೆಲೆಸಿರುವುದು ಅವರ ದೆಸೆಯಿಂದಲೇ. ಮನೆಯಲ್ಲಿ ಬಾಣಂತನವಿದ್ದು ಅವರು ಹಲವು ತಿಂಗಳು ಬಂದಿರಲಿಲ್ಲ. ಬಂದದ್ದು, ಧನುರ್ಮಾಸ ಇನ್ನೇನು ಹಿಡಿಯಬೇಕು, ನಾನು ಶಾಲಿನ ಕೊನೆಯ ಸಾಲನ್ನು ಮುಗಿಸಬೇಕು ಎನ್ನುವ ದಿನ. ಅವರು ಬಾಯಿ ತೆರೆಯುವ ಮುನ್ನವೇ ಗಿರಿಜಮ್ಮ ಕೈಯೆತ್ತಿ ತಡೆದು ಅಮ್ಮನ ನಿಯಮವನ್ನು ವಿವರಿಸಿದರು.

ಲೀಲಾವತಿಯವರು ನನ್ನ ಕಡೆ ತಿರುಗಿದರು. “ಓಹೋ, ಅದಕ್ಕಾ ನೀವು ಹಂಗೆ ಕೊಡ್ತಿದ್ದದ್ದು? ನಾನು ಬಾಯಿಮಾತಿಗೆ ಚೆಂದ ಇದೆ ಅಂದ್ರೆ ನೀವು ಕೈಗಿಟ್ಟುಬಿಡ್ತಿದ್ರಿ. ಬ್ಯಾಡ ಅಂದ್ರೆ ನೊಂದ್ಕೊತೀರಿ ಅಂತ ತಗಂಡು ಹೋಗ್ತಿದ್ದೆ. ಒಂದೂ ನನ್ನ ಮೈಗೆ ಬರಲ್ಲ ಕಣ್ರೀ. ಟ್ರಂಕು ತುಂಬಿಹೋಗಿದೆ.”

ನನ್ನ ದಾನಬುದ್ಧಿಯ ಮೇಲೆ ನನಗಿದ್ದ ಅಭಿಮಾನವೂ ಆ ಕ್ಷಣ ಹೋಗಿ ಆ ಟ್ರಂಕಿನಲ್ಲೇ ಸೇರಿಕೊಂಡಿತು.

“ಈಗ ನೀವೂ ಬೈಬೇಕು” ಎಂದರು ಗಿರಿಜಮ್ಮ.

ಲೀಲಾವತಿಯವರು ಶಾಲನ್ನು ನೋಡಿದರು. ತುಟಿ ಬಿಗಿಹಿಡಿದರು. ಹುಟ್ಟಿದಾರಭ್ಯ ಬೈದು ತಿಳಿಯದವರು, ಬಹಳ ಕಷ್ಟಪಟ್ಟು ಹೇಳಿದರು. “ಎಷ್ಟು ಚೆಂದ ಕೆಟ್ಟೋಗಿದೆ ರೀ.”

ಅಂಗಡಿಯಲ್ಲಿ ನಗೆ ಎದ್ದಿತು. ಇದು ಬೈಗುಳವೋ ಹೊಗಳಿಕೆಯೋ ಎಂಬ ಚರ್ಚೆಯೂ ಎದ್ದಿತು. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಪಾಠ ಹೇಳಿ ರೂಢಿಯಾದ ನಾಲಗೆ ಸಂದರ್ಭ ಸಿಕ್ಕಿದರೆ ಬಿಡುವುದಿಲ್ಲ. ನಮ್ಮ ಹಿರಿಯರಲ್ಲಿ ನಿಂದಾಸ್ತುತಿಯೆಂಬುದೊಂದು ಉಂಟು ಎಂದು ಆರಂಭಿಸಿದೆ. ಭಕ್ತರು ಶಿವನನ್ನು ತಿರುಕನೆನ್ನುತ್ತಾರೆ, ಬೂದಿ ಬಳಿದುಕೊಂಡವನೆನ್ನುತ್ತಾರೆ, ಕೃಷ್ಣನನ್ನು ಕಳ್ಳನೆನ್ನುತ್ತಾರೆ. ಮೇಲೆ ಬೈಗುಳ, ಒಳಗೆ ಹೊಗಳಿಕೆ. ಸಲಿಗೆ ಬೆಳೆದಷ್ಟೂ ಬೈಗುಳ ಹರಿತ. ಬೈಗುಳ ಹರಿತವಾದಷ್ಟೂ ಸ್ತುತಿ ಶ್ರೇಷ್ಠ. ಹೀಗೆ ನಾನು ಉತ್ಸಾಹದಿಂದ ವಿವರಿಸುತ್ತಿರುವಾಗ ಮೆಹಬೂಬಿ ಕೊಕ್ಕೆಯನ್ನು ಕೆಳಗಿಟ್ಟಳು.

“ಅಕ್ಕಾ, ಹಂಗಾದ್ರೆ ನಾವು ಇಷ್ಟು ದಿನ ಬೈದಿದ್ದೆಲ್ಲಾ ಹೊಗಳಿಕೆನೇ ಆಯ್ತಲ್ಲ?”

ನಾನು ತೋಡಿದ ಹಳ್ಳ ಎಷ್ಟು ಆಳವಿದೆಯೆಂಬುದು ನನಗೆ ತಿಳಿದದ್ದು ಆಗಲೇ.

“ಮತ್ತೆ ಶಾಲು ಯಾರದ್ರೀ ಈಗ?” ಎಂದರು ಗಿರಿಜಮ್ಮ. “ಕಾಮಾಲೆ ಅಂದೋಳು ನಾನು. ಎಲ್ಲಾರಿಗಿಂತ ಮೊದ್ಲು.”

“ನನಗೆ ಬ್ಯಾಡಪ್ಪ” ಎಂದರು ಲೀಲಾವತಿಯವರು. “ಟ್ರಂಕಲ್ಲಿ ಜಾಗ ಇಲ್ಲ.”

ಅವರಿಗೆ ಅದು ನಗೆಯ ಮಾತು. ನನಗೆ ಹಾಗಿರಲಿಲ್ಲ. ಅಷ್ಟು ತಿಂಗಳು ನನ್ನ ಮಡಿಲಲ್ಲಿ ಕುಳಿತು ಬೈಸಿಕೊಂಡ ವಸ್ತುವಿನ ಮೇಲೆ ಮಮತೆ ಬೆಳೆಯದಿರುತ್ತದೆಯೆ? ಒಂದನ್ನೊಂದು ದ್ವೇಷಿಸುತ್ತಿದ್ದ ಬಣ್ಣಗಳೂ ಹೇಗೋ ರಾಜಿಯಾಗಿ, ಕೊಯ್ಲಿಗೆ ಮುಂಚಿನ ಹೊಲದ ಹಾಗೆ ಕಾಣತೊಡಗಿದ್ದವು. ಅದನ್ನು ಕೊಡಲು ಮನಸ್ಸು ಒಪ್ಪಲಿಲ್ಲ. ಆದರೆ ಅಮ್ಮನ ನಿಯಮವನ್ನು ಉಪಾಯದಿಂದ ಸುತ್ತಿಬಳಸಿ ಹೋಗಲು ನನಗೆ ಧೈರ್ಯವಿತ್ತು, ಎದುರಿಗೆ ನಿಂತು ಮುರಿಯಲು ಇರಲಿಲ್ಲ. ಕೊನೆಯ ಕುಣಿಕೆಯನ್ನು ಮುಗಿಸಿ, ನೂಲು ಕತ್ತರಿಸಿ, ಶಾಲನ್ನು ಮಡಿಚಿ ಗಿರಿಜಮ್ಮನ ಕೈಯಲ್ಲಿಟ್ಟೆ.

ಅವರ ನಗು ನಿಂತಿತು. “ಖರೇನೇ ಕೊಡ್ತೀರೇನ್ರೀ?”

“ನಿಯಮ ನಿಯಮವೇ ಗಿರಿಜಮ್ಮ.”

ಅವರು ಶಾಲು ಹೊದ್ದು ಕನ್ನಡಿಯ ಮುಂದೆ ನಿಂತರು. ಏನನ್ನೋ ಯೋಚಿಸಿ ತೆಗೆದು ಮೆಹಬೂಬಿಗೆ ಹೊದಿಸಿದರು. ಮೆಹಬೂಬಿ ಅದರಲ್ಲಿ ಕೆನ್ನೆಯೊತ್ತಿ ನೋಡಿ ಲೀಲಾವತಿಯವರಿಗೆ ದಾಟಿಸಿದಳು. ಬಳಿಕ ಗಿರಿಜಮ್ಮ ನನ್ನನ್ನು ಎಬ್ಬಿಸಿ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂರಿಸಿದರು. ಗೋಡೆಯ ಗೂಡಿನಲ್ಲಿದ್ದ ಮಲ್ಲಿಕಾರ್ಜುನನ ಪಟದ ಮುಂದಿನ ಕುಂಕುಮವನ್ನು ನನ್ನ ಹಣೆಗಿಟ್ಟರು. ಲೀಲಾವತಿಯವರು ಶಾಲನ್ನು ನನ್ನ ಹೆಗಲಿಗೆ ಹಾಕಿದರು. ಮೆಹಬೂಬಿ ಅಂಚನ್ನು ಎಳೆದು ಸರಿಮಾಡಿದಳು.

“ನಮ್ ಕೈಗೆ ಬಂತು, ನಾವು ಹೊದ್ಕೊಂಡ್ವಿ, ನಿಮ್ ತಾಯಿ ಮಾತು ನಡೀತು” ಎಂದರು ಗಿರಿಜಮ್ಮ. “ಈಗಿದು ನಮ್ದು. ನಮ್ದನ್ನ ನಾವು ಯಾರಿಗಾರ ಕೊಡ್ತೀವಿ. ಕೇಳೋಕೆ ನೀವ್ಯಾರು?”

“ನಾವು ಕೊಟ್ಟಿದ್ದನ್ನ ನೀವು ಮತ್ತೊಬ್ಬರಿಗೆ ದಾಟಿಸಬಾರದು ರೀ” ಎಂದರು ಲೀಲಾವತಿಯವರು ನನಗೆ. “ನಾನು ಒಂದಾದ್ರೂ ದಾಟಿಸಿದೀನಾ? ಬೇಕಾದ್ರೆ ಟ್ರಂಕು ನೋಡ್ಬನ್ನಿ.”

ನನಗೆಂದು ನಾನೇ ಹೆಣೆದುಕೊಂಡದ್ದು ಮೂವರ ಮೈಯ ಬಿಸಿಯನ್ನು ಹೊತ್ತು ನನಗೇ ಬಂದು ಸೇರಿತ್ತು. ಇದಕ್ಕೆ ಶಾಸ್ತ್ರದಲ್ಲಿ ಆಧಾರವಿದೆಯೆ ಎಂದು ನಾನು ಕೇಳಲಿಲ್ಲ.

ಧನುರ್ಮಾಸದ ಮೊದಲ ಬೆಳಗು ಶಾಲು ಹೊದ್ದು ಗುಡಿಗೆ ಹೋದೆ. ಮಂಗಳಾರತಿಯಾಗಿ, ಹುಗ್ಗಿಯ ಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಅರ್ಚಕರ ಸೊಸೆ ಸೌಟು ಹಿಡಿದವಳು ತಡೆದು ನೋಡಿದಳು. “ಅಮ್ಮಾ, ಶಾಲು ತುಂಬಾ ಚೆನ್ನಾಗಿದೆ. ನೀವೇ ಹೆಣೆದದ್ದಾ?”

ರೂಢಿಯ ಬಲದಿಂದ ನನ್ನ ಕೈ ಹೆಗಲಿಗೆ ಹೋಯಿತು. ಹೋದದ್ದು ಅಲ್ಲಿಯೇ ನಿಂತು, ಅಂಚನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಿತು.

“ಹೌದಮ್ಮ, ನನಗೇ ಅಂತ ಹೆಣೆದುಕೊಂಡೆ. ನನಗೂ ಚೆನ್ನಾಗಿದೆ ಅನ್ನಿಸುತ್ತದೆ.”

ಅವಳು ನಕ್ಕು ದೊನ್ನೆಗೆ ಹುಗ್ಗಿ ಬಡಿಸಿ, ಮೇಲೆ ತುಪ್ಪ ಬಿಟ್ಟಳು. ಆಕಾಶ ಕಳಚಿ ಬೀಳಲಿಲ್ಲ. ಹನುಮಪ್ಪನೂ ಸಿಂದೂರದ ಮುಖದಲ್ಲಿ ಎಂದಿನಂತೆಯೇ ಇದ್ದ. ಮೆಟ್ಟಿಲಿಳಿಯುವಾಗ ಒಂದು ಸೀನು ಬಂದದ್ದು ಮಾತ್ರ ನಿಜ. ಕ್ಷಣಹೊತ್ತು ನಿಂತು ಯೋಚಿಸಿ, ಅದನ್ನು ದೃಷ್ಟಿಯ ಲೆಕ್ಕಕ್ಕೆ ಬರೆಯದೆ ಹುಗ್ಗಿಯ ಮೆಣಸಿನ ಲೆಕ್ಕಕ್ಕೆ ಬರೆದೆ.

ಇನ್ನು ಎಲ್ಲರಿಗೂ ಒಳಿತನ್ನು ಕೋರುವ ಹೊತ್ತು. ಗಿರಿಜಮ್ಮನ ಸೂಜಿಗೆ ತುಕ್ಕು ಹಿಡಿಯದಿರಲಿ, ನಾಲಗೆಗೂ ಹಿಡಿಯದಿರಲಿ. ಮೆಹಬೂಬಿಯ ನೂಲು ಗಂಟಾಗದಿರಲಿ. ಆದರೂ ಅವಳು ಬಿಡಿಸುವುದನ್ನು ನೋಡುವ ಸುಖ ನಮಗೆ ಆಗಾಗ ದೊರೆಯಲಿ. ಕುಪ್ಪಗಡ್ಡೆಯ ಬಸ್ಸಿನಲ್ಲಿ ಲೀಲಾವತಿಯವರಿಗೆ ಕಿಟಕಿಯ ಸೀಟು ಸಿಗಲಿ. ಬೈದವರೂ ಹೊಗಳಿದವರೂ ಚೆನ್ನಾಗಿರಲಿ. ತಾವು ಹೆಣೆದುದನ್ನು ತಾವೇ ಹೊದ್ದು ಬೀದಿಗಿಳಿಯುವ ಎಲ್ಲರ ಹೆಗಲೂ ಬೆಚ್ಚಗಿರಲಿ.