ನನ್ನ ಕಾಲಿಗೆ ಬೇಕಿದ್ದ ಚರ್ಮ

"ನಮ್ಮ ಕಾಲದಲ್ಲಿ ಯಾವುದನ್ನೂ ಬಿಸಾಡುತ್ತಿರಲಿಲ್ಲ, ಎಲ್ಲ ಮನೆಯಲ್ಲೇ ರಿಪೇರಿ" ಎಂದು ನನ್ನ ವಯಸ್ಸಿನವರು ಕಣ್ಣರಳಿಸಿ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಹೌದು, ಮಾಡಿಕೊಳ್ಳುತ್ತಿದ್ದೆವು. ಕಳಸದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಗಳಾದ ನಮ್ಮ ಲೈನ್ ಮನೆಗಳಲ್ಲಿ ಒಡೆದ ಬಕೆಟ್ಟಿಗೆ ಟಾರು, ಕಿತ್ತ ಚಪ್ಪಲಿಗೆ ಪಿನ್ನು, ಮುರಿದ ಕೊಡೆಗೆ ಬೈಂಡಿಂಗ್ ವೈರು. ಆದರೆ ಬೇಕಾದ್ದು ಸಿಗದೆ ಸಿಕ್ಕಿದ್ದನ್ನು ಮೈಗೇ ಕಟ್ಟಿಕೊಂಡು ನಡೆದವಳು ನಾನು. ಆ ಮಾತನ್ನು ಅಷ್ಟು ಖುಷಿಯಾಗಿ ಹೇಳಲು ನನ್ನಿಂದ ಆಗುವುದಿಲ್ಲ.

ನಾನಾಗ ಐದನೇ ಕ್ಲಾಸು. ಪೋಲಿಯೋದಿಂದ ಸೊರಗಿದ ಎಡಗಾಲಿಗೆ ಮೂಡಿಗೆರೆಯ ಯಾವುದೋ ಕ್ಯಾಂಪಿನಲ್ಲಿ ಕ್ಯಾಲಿಪರ್ ಕೊಟ್ಟಿದ್ದರು. ಎರಡು ಕಬ್ಬಿಣದ ಕಂಬಿ, ಒಂದು ಬೂಟು, ಮಂಡಿಗೆ ಚರ್ಮದ ಪಟ್ಟಿ. ಆ ಪಟ್ಟಿ ಬಿಗಿಯಾಗಿದ್ದರೆ ಮಾತ್ರ ಕಾಲು ಮಡಚಿಕೊಳ್ಳದೆ ನಿಲ್ಲುತ್ತಿತ್ತು. ಕುಂಟೆಬಿಲ್ಲೆ ಆಡುವಾಗ ಉಳಿದವರು ಕುಂಟುತ್ತಿದ್ದರು. ನಿಜವಾಗಿ ಕುಂಟುವ ನಾನು ಪಕ್ಕದಲ್ಲಿ ನಿಂತು, ಯಾರ ಕಾಲು ಗೆರೆ ಮುಟ್ಟಿತು ಎಂದು ನೋಡುತ್ತಿದ್ದೆ.

ಕಾಫಿ ಕೊಯ್ಲಿನ ದಿನಗಳು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಕಡೆಯಿಂದ ಸಿಪ್ಪೆ ಕೊಳೆತ ಹುಳಿ ವಾಸನೆ ಶಾಲೆಯ ದಾರಿವರೆಗೂ ಬರುತ್ತಿತ್ತು. ಆ ದಾರಿಯಲ್ಲೇ ಪಟ್ಟಿ ಪಟ್ ಎಂದು ಹರಿದು ನಾನು ಮುಗ್ಗರಿಸಿ ಬಿದ್ದೆ.

ಅಪ್ಪ ಕೈಕೆಲಸದಲ್ಲಿ ಚುರುಕು. ಸೈಕಲ್ ಟ್ಯೂಬ್ ಕೊಯ್ದು ಮಂಡಿಗೆ ಕಟ್ಟಿದರು. ಅದು ಹಿಗ್ಗಿತು, ಬೆವರಿಗೆ ಚರ್ಮ ಸುಲಿಯಿತು. ಗೋಣಿಯನ್ನು ಮಡಚಿ ಹೊಲಿದರು. ಅದು ಉಜ್ಜಿ ಉಜ್ಜಿ ರಕ್ತ ಬಂತು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಗಾ."

"ನಿಮ್ಮ ಕಾಲಿಗೆ ಕಟ್ಕೊಂಡು ನೋಡಿ!" ಎಂದು ಕಿರುಚಿದೆ. ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಗೋಣಿ ಪಟ್ಟಿಯನ್ನು ಬಿಚ್ಚಿಕೊಂಡು ಹೊರಗೆ ಹೋದರು.

ಆಮೇಲೆ ಅಮ್ಮ ನನ್ನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಡತೊಡಗಿದಳು. ಕೊಯ್ಲಿಗೆ ತಡವಾಗಿ ಹೋಗಿ ಮೇಸ್ತ್ರಿ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದಳು. ಒಂದು ದಿನ ಹೆಡ್‌ಮಾಸ್ಟರು ಜಗಲಿಯಲ್ಲಿ ತಡೆದು, "ಇವಳಿಗೆ ಯಾಕಮ್ಮ ಇಷ್ಟು ಕಷ್ಟ? ಮನೇಲೇ ಇರ್ಲಿ. ಮುಂದಿನ ವರ್ಷ ನೋಡೋಣ" ಅಂದರು.

ಅಮ್ಮ ನನ್ನನ್ನು ಬೆಂಚಿನ ಮೇಲೆ ಇಳಿಸಿ ಸೆರಗು ಸರಿಮಾಡಿಕೊಂಡಳು. "ಹೊರೋಳು ನಾನು ಸಾರ್. ನಿಮಗೆಂಥ ಭಾರ?"

ಹೆಡ್‌ಮಾಸ್ಟರು ದಾರಿ ಬಿಟ್ಟರು. ಆ ದಿನ ನನ್ನ ಅಮ್ಮನಷ್ಟು ಎತ್ತರದವರು ಲೋಕದಲ್ಲಿ ಇಲ್ಲ ಅನ್ನಿಸಿತ್ತು.

ಆ ಭಾನುವಾರ ಇಬ್ಬರೂ ಜೀಪು ಹತ್ತಿ ಕಳಸಕ್ಕೆ ಹೋದೆವು. ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವ ಅಜ್ಜ ನನ್ನ ಮಂಡಿಯ ಗಾಯ ನೋಡಿ ಲೊಚಗುಟ್ಟಿದ. "ನನ್ನತ್ರ ಇರೋದು ರೆಕ್ಸಿನ್ ಅಮ್ಮಾ. ಇದಕ್ಕೆ ದಪ್ಪ ಚರ್ಮವೇ ಬೇಕು, ಆದ್ರೆ ಮೆತ್ತಗಿರ್ಬೇಕು." ಚಪ್ಪಲಿ ಅಂಗಡಿಯಲ್ಲಿ ಇಲ್ಲ. ಬ್ಯಾಗಿನ ಅಂಗಡಿಯಲ್ಲೂ ಇಲ್ಲ. ಕೊನೆಗೆ ಹಗ್ಗ, ಮೊಳೆ, ಕತ್ತಿ ಮಾರುವ ದೊಡ್ಡ ಅಂಗಡಿ. ಅಮ್ಮ ಬೇಕಾದ್ದನ್ನು ವಿವರಿಸಿದಳು. ಅಂಗಡಿಯವನು ಕೌಂಟರಿನ ಮೇಲಿಂದ ಬಗ್ಗಿ ನನ್ನ ಕಾಲು ನೋಡಿದ. ಗೂಟದಿಂದ ಒಂದು ಪಟ್ಟಿ ತೆಗೆದು ಆಡಿಸಿದ.

"ನಾಯಿ ಬೆಲ್ಟ್ ಇದೆ. ಹಾಕ್ತೀಯಾ ಪುಟ್ಟಿ? ಗೆಜ್ಜೆನೂ ಇದೆ, ಎಲ್ಲಿದ್ದೀಯ ಅಂತ ಗೊತ್ತಾಗ್ತದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಈಗ ಅಮ್ಮ ಇವನ ಬಾಯಿ ಮುಚ್ಚಿಸುತ್ತಾಳೆ ಎಂದು ಕಾದೆ. ಅಮ್ಮ ಕೈ ಚಾಚಿ ಬೆಲ್ಟ್ ಇಸಕೊಂಡಳು. ಬಗ್ಗಿಸಿ ನೋಡಿದಳು. ಮೂಸಿದಳು. ಹೆಬ್ಬೆರಳಿನಿಂದ ಒತ್ತಿದಳು. ಬಕಲ್ ಎಳೆದು ನೋಡಿ, "ಇದನ್ನೇ ಕೊಡಿ" ಅಂದಳು.

"ನಾನು ನಾಯಿಯಾ?" ಎಂದು ಅಂಗಡಿಯೊಳಗೇ ಕೂಗಿದೆ. ಮತ್ತೆ ನಕ್ಕರು. ಹೋಟೆಲಿನಲ್ಲಿ ಬನ್ಸ್ ಕೊಡಿಸಿದರೆ ಮುಟ್ಟಲಿಲ್ಲ. ಜೀಪಿನಲ್ಲಿ ದಾರಿಯುದ್ದಕ್ಕೂ ಅಮ್ಮನಿಗೆ ಬೆನ್ನು ಹಾಕಿ ಕೂತೆ. ಹೆಡ್‌ಮಾಸ್ಟರಿಗೆ ಹಾಗೆ ಹೇಳಿದವಳು ಈ ಅಂಗಡಿಯವನ ಮುಂದೆ ಯಾಕೆ ತಲೆ ತಗ್ಗಿಸಿದಳು?

ಮನೆಯಲ್ಲಿ ಅವಳು ಬೆಲ್ಟಿನ ಗೆಜ್ಜೆ, ಚೈನು ಸಿಕ್ಕಿಸುವ ಬಳೆ ಎಲ್ಲ ಕಿತ್ತು ತೆಗೆದಳು. ಬೆಲ್ಟನ್ನು ಹರಳೆಣ್ಣೆಯಲ್ಲಿ ನೆನೆಸಿ, ಒರೆಸಿ, ಒಳಬದಿಗೆ ತನ್ನ ಹಳೇ ಹತ್ತಿ ಸೀರೆಯ ತುಂಡು ಹೊಲಿದಳು. ಅಪ್ಪ ಕಂಬಿಗೆ ರಿವೆಟ್ ಹೊಡೆದರು. ನಾನು ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಬೆಳಗ್ಗೆ ಅಮ್ಮ ರೊಟ್ಟಿ ತಟ್ಟುತ್ತಿದ್ದವಳು ಎದ್ದು ಬಂದಳು. ಕೈತುಂಬ ಹಿಟ್ಟು.

"ಅವನು ನಕ್ಕಿದ್ದು ನಂಗೆ ಚುಚ್ಚಲಿಲ್ಲ ಅಂದ್ಕೊಂಡ್ಯಾ? ಜಗಳ ಆಡಿದ್ರೆ ಅವ ಬೆಲ್ಟ್ ಕೊಡ್ತಿದ್ನಾ? ನಿನ್ನ ಕಾಲಿಗೆ ಬೇಕಾದ್ದು ಅದೇ ಆಗಿತ್ತು ಮಾರಾಯ್ತಿ. ಬೇರೆ ಚರ್ಮ ಎಲ್ಲಿಂದ ತರ್ಲಿ, ನಂದು ಸುಲಿದು ಕೊಡ್ಲಾ?"

ನಾನು ಕಾಲು ಚಾಚಿದೆ. ಹಿಟ್ಟಿನ ಕೈಯಲ್ಲೇ ಬಕಲ್ ಬಿಗಿದಳು. ಎಲ್ಲೂ ನೋಯಲಿಲ್ಲ. ನೋಯದಿದ್ದುದಕ್ಕೂ ನನಗೆ ಸಿಟ್ಟು ಬಂತು.

ಸುದ್ದಿ ಶಾಲೆಗೆ ನನಗಿಂತ ಮೊದಲೇ ತಲುಪಿತ್ತು. ಹಿಂದಿನ ಬೆಂಚಿನಿಂದ ಬೊಗಳಿದರು. ಒಬ್ಬಳ ಜಡೆ ಹಿಡಿದು ಎಳೆದೆ, ಸ್ಲೇಟಿನಿಂದ ಇನ್ನೊಬ್ಬನ ಬೆನ್ನಿಗೆ ಬಾರಿಸಿದೆ. ಹೆಡ್‌ಮಾಸ್ಟರು ಕೈಗೆ ಬರೆ ಬರುವಂತೆ ಹೊಡೆದರು, ಬೊಗಳಿದವರಿಗೆ ಒಂದು ಮಾತೂ ಅನ್ನಲಿಲ್ಲ. ಆದರೂ ಪರೀಕ್ಷೆಗೆ ನಾನು ನಡೆದೇ ಹೋದೆ. ಪಾಸಾದೆ. ಎಂಟನೇ ಕ್ಲಾಸಿನಲ್ಲಿ ನಾನು ಬೆಳೆದು ಕಂಬಿ ಗಿಡ್ಡವಾಗುವವರೆಗೂ ಆ ಪಟ್ಟಿ ಕೈಕೊಡಲಿಲ್ಲ. ಅದು ಒಂದು ದಿನವೂ ನೋಯಿಸಲಿಲ್ಲ ಎಂದು ಅಮ್ಮನಿಗೆ ನಾನು ಹೇಳಲೇ ಇಲ್ಲ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು.

ಈಗ ನನ್ನದು ಹಗುರವಾದ ಪ್ಲಾಸ್ಟಿಕ್ ಕ್ಯಾಲಿಪರ್. ಕಳೆದ ತಿಂಗಳು ಅದರ ವೆಲ್ಕ್ರೋ ಪಟ್ಟಿ ಸವೆದು ಹಿಡಿಯದಾಯಿತು. ರಜೆ ಹಾಕಿ ದೂರದ ಪೇಟೆಯ ಕ್ಯಾಲಿಪರ್ ಅಂಗಡಿಗೆ ಹೋದೆ.

"ಪಟ್ಟಿ ಒಂದೇ ಸಿಗಲ್ಲ ಮೇಡಂ, ಪೂರ್ತಿ ಹೊಸದೇ ಹಾಕಿಸ್ಕೋಬೇಕು" ಅಂದ ಹುಡುಗ, ಮೊಬೈಲಿನಿಂದ ತಲೆ ಎತ್ತದೆ.

ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇತ್ತು, ಮಂಡಿಯ ಕೀಲು ಚೆನ್ನಾಗಿಯೇ ಇತ್ತು. ಅಂಗೈಯಗಲದ ಒಂದು ತುಂಡು ಸಾಕಿತ್ತು. ನಾಲಿಗೆ ತುದಿಗೆ ಮಾತು ಬಂತು. ಆದರೂ ತೆಪ್ಪಗೆ ಕುರ್ಚಿಯಲ್ಲಿ ಕೂತು ಹೊಸದಕ್ಕೆ ಅಳತೆ ಕೊಟ್ಟೆ. ಹತ್ತು ಅಂಗಡಿ ಅಲೆದು ಆ ತುಂಡನ್ನು ಹುಡುಕಿ ತರುತ್ತಿದ್ದವಳು ಇಲ್ಲ. ನನ್ನ ಕಾಲಿನ ವಿಷಯಕ್ಕೆ ಇನ್ನೊಬ್ಬರ ಮೇಲೆ ರೇಗುವವರು ಈಗ ಯಾರೂ ಉಳಿದಿಲ್ಲ, ನನ್ನನ್ನೂ ಸೇರಿಸಿ.